ಮಣ್ಣು ಸೇರಿ ಇಪ್ಪತ್ತೆರಡು ಕೆಜಿ

ಇಪ್ಪತ್ತೆರಡು ಕೆಜಿ ಎಂದು ಬರೆದವನು ನಾನು. ಪೊಲೀಸ್ ಪ್ರಕಟಣೆಯಲ್ಲಿ ಹಾಗಿತ್ತು, ಮಹಜರಿನಲ್ಲೂ ಹಾಗೇ ಇತ್ತು, ತೂಕದ ಯಂತ್ರದ ಮೇಲೆ ಮೂಡಿದ ಅಂಕಿಯನ್ನು ನಾನೇ ಕಣ್ಣಾರೆ ನೋಡಿದ್ದೆ. ಸುದ್ದಿಮನೆಯ ಲೆಕ್ಕದಲ್ಲಿ ಅದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಆದರೂ ಆ ಅಂಕಿ ತಪ್ಪು, ಮತ್ತು ಅದು ತಪ್ಪೆಂದು ಆ ಕ್ಷಣದಲ್ಲೇ ನನಗೆ ಹೊಳೆಯಬೇಕಿತ್ತು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, ಕಬ್ಬಿನ ತೂಕದ ಜಗಳಗಳನ್ನು ವರದಿ ಮಾಡುತ್ತಲೇ ಕೂದಲು ನೆರೆಸಿಕೊಂಡವನು ನಾನು.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಮದ್ದೂರಿನ ಹತ್ತಿರ ಹೆದ್ದಾರಿ ಬದಿಯ ಹೋಟೆಲೊಂದರ ಮೇಲಂತಸ್ತಿನಲ್ಲಿ ಪ್ರವಾಸೋದ್ಯಮದ ಬಗ್ಗೆ ಸಂವಾದ ಏರ್ಪಾಡಾಗಿತ್ತು. ಕರೆದವರು ಬೆಂಗಳೂರಿನ ಸಲಹಾ ಸಂಸ್ಥೆಯವರು. ಮುಂದಿನ ಸಾಲುಗಳಲ್ಲಿ ರೆಸಾರ್ಟ್ ಮಾಲೀಕರು, ಜಮೀನು ವ್ಯವಹಾರದವರು. ಕೊನೆಯ ಸಾಲಿನಲ್ಲಿ ನಾವು ಪತ್ರಕರ್ತರು. ನನ್ನ ಪಕ್ಕದಲ್ಲಿ ಕರೆಯದೆ ಬಂದು ಕೂತಿದ್ದ ಹಸಿರು ಶಾಲಿನ ಹಿರಿಯ ರೈತರೊಬ್ಬರು.

ಕೋಟು ತೊಟ್ಟ ಸಲಹೆಗಾರರು ಪರದೆಯ ಮೇಲೆ ಒಂದರ ಹಿಂದೊಂದು ಚಿತ್ರ ತೋರಿಸಿದರು. ಗೋವಾದ ನದಿಯಲ್ಲಿ ನಿಂತ ಕ್ಯಾಸಿನೊ ಹಡಗು, ಸಿಕ್ಕಿಂನ ಕ್ಯಾಸಿನೊ ಹೋಟೆಲು, ಥಾಯ್ಲೆಂಡಿನ ಬೀದಿಯಲ್ಲಿ ಹಸಿರು ದೀಪ ಹಚ್ಚಿದ ಗಾಂಜಾ ಅಂಗಡಿಗಳ ಸಾಲು. ಬೆಂಗಳೂರಿನಿಂದ ಎರಡು ಗಂಟೆಯ ದಾರಿ, ಜಲಪಾತ, ಹೊಳೆ, ಹಸಿರು ಗದ್ದೆ, ಎಲ್ಲವೂ ಇರುವ ಈ ಜಿಲ್ಲೆ ಸುಮ್ಮನೆ ಕೂತಿದೆ ಎಂದು ಅವರು ಮರುಗಿದರು. ಥಾಯ್ಲೆಂಡ್ ಸರ್ಕಾರವೇ ಆ ಅಂಗಡಿಗಳಿಗೆ ಮತ್ತೆ ಕಡಿವಾಣ ಹಾಕುತ್ತಿರುವ ವಿಷಯ ಅವರ ಚಿತ್ರಗಳಲ್ಲಿ ಇರಲಿಲ್ಲ. ಗಾಂಜಾ ಎಂಬ ಪದವನ್ನು ಅವರು ಒಮ್ಮೆಯೂ ಬಳಸಲಿಲ್ಲ. ವೆಲ್‌ನೆಸ್ ಅಂದರು, ಹೆಂಪ್ ಅಂದರು, ಗಿಡಮೂಲಿಕೆ ಅಂದರು.

"ನಿಷೇಧದಿಂದ ಏನೂ ಆಗೋದಿಲ್ಲ. ಬೇಕಾಗಿರೋದು ಸರಿಯಾದ ನಿಯಂತ್ರಣ. ಲೈಸೆನ್ಸ್ ಕೊಡಿ, ಜಾಗ ಗುರುತು ಮಾಡಿ, ವಯಸ್ಸಿನ ಮಿತಿ ಹಾಕಿ, ಬಂದವರ ಗುರುತಿನ ಚೀಟಿ ನೋಡಿ ಒಳಗೆ ಬಿಡಿ" ಎಂದರು.

ಈ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ನಾನೂ ಟಿಪ್ಪಣಿ ಮಾಡಿಕೊಂಡೆ. ಪಕ್ಕದಲ್ಲಿದ್ದ ಹಸಿರು ಶಾಲಿನವರು ಎದ್ದು ನಿಂತರು.

"ಸಾರ್, ಒಂದು ಮಾತು. ನಮ್ಮಳ್ಳಿ ಅರಳಿಕಟ್ಟೆ ಮ್ಯಾಲೆ ನಾಕ್ ಜನ ಇಸ್ಪೀಟ್ ಆಕುದ್ರೆ ಜೀಪ್ ಬತ್ತದೆ. ನಿಮ್ ಬೋಟ್ ಮ್ಯಾಲೆ ಆಡುದ್ರೆ ಏನ್ ಬತ್ತದೆ?"

"ತೆರಿಗೆ ಬರುತ್ತೆ" ಎಂದರು ಸಲಹೆಗಾರರು, ತಡವರಿಸದೆ.

ಸಭೆ ನಕ್ಕಿತು. ಹಸಿರು ಶಾಲಿನವರು ನಗಲಿಲ್ಲ. "ಅಂಗಾರೆ ಜೀಪಲ್ಲಿ ಬರೋರ್ಗೂ ಬೋಟ್ ಕೊಟ್ಬುಡಿ" ಎಂದು ಕೂತರು. ಆಗ ಸಭೆ ಇನ್ನೂ ಜೋರಾಗಿ ನಕ್ಕಿತು. ಊಟಕ್ಕೆ ಮೊದಲು ಸಲಹೆಗಾರರು, ಇಂಥ ಉದ್ಯಮ ಬಂದರೆ ಕಚ್ಚಾಮಾಲನ್ನು ಸ್ಥಳೀಯ ರೈತರಿಂದಲೇ ಕೊಳ್ಳಬಹುದು ಎಂದು ಒಂದು ವಾಕ್ಯ ಸೇರಿಸಿದರು.

ನಾನು ಕಳಿಸಿದ ವರದಿಯಲ್ಲಿ ಇದು ಖಾಸಗಿಯವರ ಪ್ರಸ್ತಾವ, ಕಾನೂನು ಇದಕ್ಕೆ ಅವಕಾಶ ಕೊಟ್ಟಿಲ್ಲ ಎಂಬ ಎರಡು ವಾಕ್ಯ ಇದ್ದವು. ಪುಟದಲ್ಲಿ ಜಾಗ ಸಾಲದೆ ಅವನ್ನು ಡೆಸ್ಕಿನಲ್ಲಿ ಕತ್ತರಿಸಿದರು. ಮರುದಿನದ ಶೀರ್ಷಿಕೆ: ಜಿಲ್ಲೆಗೆ ಕ್ಯಾಸಿನೊ, ಗಾಂಜಾ ಪ್ರವಾಸೋದ್ಯಮ. ಅದರ ಕೆಳಗೆ ಸಣ್ಣಕ್ಷರದಲ್ಲಿ: ರೈತರಿಂದಲೇ ಖರೀದಿ. ನಾನು ದೂರು ಹೇಳಲು ಫೋನ್ ಮಾಡಲಿಲ್ಲ. ಶೀರ್ಷಿಕೆಯ ಬಗ್ಗೆ ದಿನಾ ಜಗಳವಾಡುವ ವರದಿಗಾರ ಎಂದು ಹೆಸರು ಕೆಡಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಈಗ ಯೋಚಿಸಿದರೆ ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಮೊದಲ ಅಪರಾಧ ಅದೇ.

ಮಳವಳ್ಳಿ ಕಡೆಯ ಒಂದು ಊರಿನ ಟೀ ಅಂಗಡಿಯಲ್ಲಿ ಆ ಸುದ್ದಿಯನ್ನು ಯಾರೋ ಗಟ್ಟಿಯಾಗಿ ಓದಿದರು. ಕೇಳಿಸಿಕೊಂಡವರಲ್ಲಿ ಅರವತ್ತು ದಾಟಿದ ಬೇಸಾಯಗಾರರೊಬ್ಬರಿದ್ದರು. ಅವರ ಗದ್ದೆಯ ಮೂಲೆಯಲ್ಲಿ ಐದು ಗಾಂಜಾ ಗಿಡ ಇದ್ದವು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಊರಾಚೆ ಒಬ್ಬ ಸಿದ್ಧರ ಗದ್ದಿಗೆಯಿದೆ. ವರ್ಷಕ್ಕೊಮ್ಮೆ ಅಲ್ಲಿಗೆ ಭಂಗಿಸೊಪ್ಪು ಒಪ್ಪಿಸುವುದು ಆ ಮನೆತನದ ಸರದಿ. ತಾತನ ಕಾಲದಿಂದ ನಡೆದು ಬಂದದ್ದು. ಉಳಿದ ಸೊಪ್ಪು ದನಕ್ಕೆ ಹೊಟ್ಟೆ ಕೆಟ್ಟಾಗ ಉಪಯೋಗಕ್ಕೆ ಬರುತ್ತಿತ್ತು. ಕಾನೂನು ಇದನ್ನು ಒಪ್ಪುವುದಿಲ್ಲ. ಗಿಡ ಬೆಳೆಸುವುದೇ ಅಪರಾಧ. ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಮುಂದೆ ಅವರು ಮಾಡಿದ ಕೆಲಸವನ್ನು ಈ ಸೀಮೆಯ ರೈತರಲ್ಲದೆ ಬೇರೆ ಯಾರೂ ಮಾಡಲಾರರು. ನಮ್ಮಲ್ಲಿ ಬೆಳೆದದ್ದು ಪಹಣಿಯಲ್ಲಿ ಇರಬೇಕು. ಪಹಣಿಯಲ್ಲಿ ಇಲ್ಲದ ಬೆಳೆಗೆ ಪರಿಹಾರವಿಲ್ಲ, ಖರೀದಿ ಕೇಂದ್ರದಲ್ಲಿ ಬೆಲೆಯಿಲ್ಲ. ವರ್ಷಗಟ್ಟಲೆ ಕಚೇರಿಗಳ ಮುಂದೆ ನಿಂತು ಕಲಿತ ಪಾಠ ಅದು. ಆ ವಾರ ಮೊಬೈಲ್ ಹಿಡಿದು ಬೆಳೆ ಸಮೀಕ್ಷೆಗೆ ಒಬ್ಬ ನೌಕರ ಬಂದಿದ್ದ. ಅವನು ಭತ್ತ, ಕಬ್ಬು, ಬದುವಿನ ತೆಂಗು ಬರೆದುಕೊಂಡು ಹೊರಟಾಗ ಇವರು ತಡೆದರು.

"ಇನ್ನೂ ಐದ್ ಗಿಡ ಅವೆ, ಬರ್ಕೊ."

"ಯಾವ್ ಗಿಡ?"

"ಭಂಗಿ. ಪೇಪರ್ನಾಗೆ ಬಂದದಲ್ಲ, ರೈತ್ರತ್ರನೇ ತಗತಾರೆ ಅಂತ. ಪಾಣೀಲಿ ಇಲ್ದೆ ಓದ್ರೆ ನಾಳೀಕೆ ನಂದಲ್ಲ ಅಂತೀರಿ."

ಸಮೀಕ್ಷೆಯವನು ನಕ್ಕ, ಫೋಟೊ ತೆಗೆದ, ನಾಲ್ಕು ಜನಕ್ಕೆ ತೋರಿಸಿದ. ಮೂರನೆಯ ದಿನ ಬೆಳಿಗ್ಗೆ ಠಾಣೆಯಿಂದ ನನಗೆ ಫೋನ್ ಬಂತು. ಸಬ್ ಇನ್ಸ್‌ಪೆಕ್ಟರ್ ಉತ್ಸಾಹದಲ್ಲಿದ್ದರು. "ಒಳ್ಳೇ ಕೇಸ್ ಸಾರ್, ಬನ್ನಿ, ಫೋಟೊ ಸಿಗುತ್ತೆ."

ನಾನು ತಲುಪಿದಾಗ ಜೀಪಿನವರಿಗೆ ಆ ಮನುಷ್ಯ ಮಜ್ಜಿಗೆ ಕೊಡುತ್ತಿದ್ದರು. ಬಂದವರು ಖರೀದಿಯ ಕಡೆಯವರೇ ಎಂದು ಅವರು ನಂಬಿದ್ದರು. ಖಾಕಿಯ ಬಗ್ಗೆ ಅನುಮಾನ ಬರಲಿಲ್ಲವೇ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಸರ್ಕಾರದ ಕೆಲಸಕ್ಕೆ ಯಾವ ಇಲಾಖೆ ಯಾವಾಗ ಬರುತ್ತದೆಂದು ಹಳ್ಳಿಯಲ್ಲಿ ಯಾರಿಗೆ ಗೊತ್ತು? ಗಿಡ ಕೀಳಬೇಕು ಎಂದಾಗ ಪೇದೆಯೊಬ್ಬ ಕುಡುಗೋಲು ತೆಗೆದ. ಇವರು ಅವನ ಕೈ ಹಿಡಿದರು.

"ಬುಡ ಕುಯ್ದ್ರೆ ಬದುಕಾಕಿಲ್ಲ ಸಾಮಿ. ಇರಿ, ನಾನೇ ಕಿತ್ಕೊಡ್ತೀನಿ."

ಹಿಂದಿನ ದಿನವಷ್ಟೇ ನಾಲೆ ನೀರು ಹರಿಸಿದ್ದ ಗದ್ದೆ. ಗುದ್ದಲಿಯಿಂದ ಸುತ್ತ ಅಗೆದು, ತೆಂಗಿನ ಸಸಿ ಎತ್ತುವಂತೆ ಒಂದೊಂದು ಗಿಡವನ್ನೂ ಜೇಡಿ ಮಣ್ಣಿನ ಉಂಡೆಯ ಸಮೇತ ಎತ್ತಿದರು. ದಾರಿಯಲ್ಲಿ ಒಣಗದಿರಲೆಂದು ಗೋಣಿತಾಟು ನೀರಿನಲ್ಲಿ ಅದ್ದಿ ಬೇರಿಗೆ ಸುತ್ತಿ ಸಣಬಿನ ದಾರದಲ್ಲಿ ಕಟ್ಟಿದರು. ಐದೂ ಗಿಡ, ಐದೂ ಗೋಣಿ. ಪೊಲೀಸರು ನೋಡುತ್ತ ನಿಂತರು. ನಾನು ಫೋಟೊ ತೆಗೆಯುತ್ತಿದ್ದೆ.

ಹತ್ತಿರದ ಆಲೆಮನೆಯಿಂದ ಬೆಲ್ಲ ತೂಗುವ ಯಂತ್ರ ತರಿಸಿದರು. ಆಲೆಮನೆಯ ಮಾಲೀಕರನ್ನೇ ಪಂಚರಲ್ಲಿ ಒಬ್ಬರನ್ನಾಗಿ ನಿಲ್ಲಿಸಿದರು. ಐದು ಗಿಡಗಳನ್ನು ಒಟ್ಟಿಗೆ ಇಟ್ಟಾಗ ಅಂಕಿ ಇಪ್ಪತ್ತೆರಡಕ್ಕೆ ನಿಂತಿತು.

"ಸಾರ್, ಬೆಲ್ಲುಕ್ಕಾದ್ರೆ ನಾವು ಮೂಟೆ ತೂಕ ಕಳೀತೀವಿ" ಎಂದರು ಆಲೆಮನೆಯವರು.

"ಇದೇನ್ ಬೆಲ್ಲನಾ? ಸೈನ್ ಹಾಕ್ರೀ" ಎಂದರು ಸಬ್ ಇನ್ಸ್‌ಪೆಕ್ಟರ್.

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗಿಡದ ಯಜಮಾನರೂ ನಕ್ಕರು. ಆಮೇಲೆ ಅವರನ್ನು ಜೀಪು ಹತ್ತಿಸಿದರು. ಗಿಡಗಳ ಜೊತೆ ತಾವೂ ಹೋಗಿ ನೆಡುವ ಜಾಗ ತೋರಿಸಬೇಕೇನೋ ಎಂದುಕೊಂಡು ಅವರು ಗುದ್ದಲಿಯನ್ನೂ ಎತ್ತಿಕೊಂಡಿದ್ದರು. ಪೇದೆ ಅದನ್ನು ಕಿತ್ತು ಬದುವಿನ ಮೇಲೆ ಎಸೆದ.

ಸಂಜೆಯ ಪ್ರಕಟಣೆಯಂತೆ ನಾನು ಬರೆದೆ. 22 ಕೆಜಿ ಗಾಂಜಾ ವಶ, ಬೆಳೆಗಾರನ ಬಂಧನ. ಡೆಸ್ಕಿನವರು ಫೋಟೊದ ಕೆಳಭಾಗ ಕತ್ತರಿಸಿ, ಗಿಡದ ತುದಿಗಳ ಹಿಂದೆ ಸಾಲಾಗಿ ನಿಂತ ಪೊಲೀಸರನ್ನು ಮಾತ್ರ ಉಳಿಸಿಕೊಂಡರು.

ಇಪ್ಪತ್ತೆರಡು ಎಂಬ ಅಂಕಿಗೆ ಎಂಥ ಬಲವಿದೆ ಎಂಬುದು ನನಗೆ ತಿಳಿದದ್ದು ಹತ್ತು ದಿನಗಳ ನಂತರ. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. ಆ ಬೇಸಾಯಗಾರರ ಮಗಳು. ರಜೆ ಕೇಳಿದರೆ ಸಂಬಳ ಹಿಡಿಯುತ್ತಾರೆ, ಊಟದ ಹೊತ್ತಿಗೆ ಗೇಟಿನ ಹತ್ತಿರ ನೀವೇ ಬರಬೇಕು ಎಂದಳು. ದನಿಯಲ್ಲಿ ದೈನ್ಯ ಇರಲಿಲ್ಲ. ಹೋದೆ. ಮೂವತ್ತರ ಆಸುಪಾಸಿನವಳು. ಕೈಯಲ್ಲಿ ಪತ್ರಿಕೆಯ ಎರಡು ತುಂಡುಗಳಿದ್ದವು.

"ಎಲ್ಡೂ ನೀವೇಯಾ ಬರ್ದಿದ್ದು?"

"ಹೌದಮ್ಮ."

"ಇದ್ರಲ್ಲಿ ರೈತ್ರತ್ರ ತಗತಾರೆ ಅಂತ ಬರ್ದಿದ್ದೀರಿ. ಇದ್ರಲ್ಲಿ ರೈತನ್ನ ಇಡುದ್ರು ಅಂತ ಬರ್ದಿದ್ದೀರಿ. ಮಧ್ಯದಲ್ಲಿ ಎಂಟ್ ದಿನ ಇಲ್ಲ ಕಣಣ್ಣ. ಮನ್ಸು ಬದ್ಲಾಯ್ಸಕ್ಕೂ ಒಂದ್ ತಿಂಗ್ಳು ಬೇಡ್ವಾ ನಿಮ್ಗೆ?"

ನಾನು ವಿವರಣೆ ಶುರು ಮಾಡಿದೆ. ಪ್ರಸ್ತಾವ, ಶೀರ್ಷಿಕೆ, ಪುಟದ ಜಾಗ. ಅವಳು ಕೈಯೆತ್ತಿ ನಿಲ್ಲಿಸಿದಳು.

"ಅದೆಲ್ಲ ಬುಡಿ. ಲಾಯರ್ ಹೇಳವ್ರೆ, ಇಪ್ಪತ್ ಕೇಜಿ ದಾಟುದ್ರೆ ಯಾಪಾರದ ಕೇಸು, ಬೇಲ್ ಸಿಗಾಕಿಲ್ಲ ಅಂತ. ಇಪ್ಪತ್ ಒಳ್ಗಿದ್ರೆ ಸಿಗ್ತದಂತೆ. ನಮ್ಮಪ್ಪುಂಗೆ ಬಿಪಿ ಅದೆ, ಸುಗರ್ ಅದೆ. ಕೇಸು ಮುಗಿಯೋಗಂಟ ಒಳ್ಗೇ ಇದ್ರೆ ಮನುಸ ವಾಪಸ್ ಬರಾಕಿಲ್ಲ. ಕಬ್ಬು ಫ್ಯಾಕ್ಟ್ರಿಗೆ ಓದ್ರೆ ಬೇರು, ಮಣ್ಣು, ಸೋಗೆ ಅಂತ ಕಳೀತಾರಲ್ಲ, ನಮ್ಮಪ್ಪುನ್ ಗಿಡುಕ್ಯಾಕೆ ಕಳೀನಿಲ್ಲ? ನೀವಲ್ಲೇ ಇದ್ರಂತಲ್ಲ. ನೋಡ್ನಿಲ್ವಾ?"

ನೋಡಿದ್ದೆ. ಮೊಬೈಲ್ ತೆಗೆದು ಅಂದಿನ ಫೋಟೊಗಳನ್ನು ಅವಳ ಮುಂದೆ ಹಿಡಿದೆ. ಕತ್ತರಿಸದ ಮೂಲ ಚಿತ್ರಗಳು. ಯಂತ್ರದ ಮೇಲೆ ನೀರು ಸೋರುವ ಐದು ಗೋಣಿ ಉಂಡೆಗಳು, ಪಕ್ಕದಲ್ಲಿ ಕೆಂಪಗೆ ಹೊಳೆಯುವ ಅಂಕಿ. ಅವಳು ಬಹಳ ಹೊತ್ತು ನೋಡಿದಳು.

"ಇದ್ನ ಯಾಕ್ ಆಕ್ನಿಲ್ಲ ಪೇಪರ್‌ಗೆ?"

ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. ಗೇಟಿನಲ್ಲಿ ಗಂಟೆ ಹೊಡೆಯಿತು. ಅವಳು ಊಟದ ಡಬ್ಬಿ ತೆರೆಯದೆ ಒಳಗೆ ಹೋದಳು.

ಅಂದು ಸಂಜೆಯೇ ಕಾನೂನು ಪುಸ್ತಕ ತೆಗೆದು ನೋಡಿದೆ. ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಬೇರು, ಕಾಂಡದ ಮಾತೇ ಇಲ್ಲ. ಜೇಡಿ ಮಣ್ಣು, ಒದ್ದೆ ಗೋಣಿ ಯಾವ ಕಾನೂನಿನಲ್ಲೂ ಮಾದಕ ವಸ್ತುವಲ್ಲ. ಇಷ್ಟು ವರ್ಷ ಗಾಂಜಾ ವಶದ ಸುದ್ದಿಗಳನ್ನು ಬರೆದಿದ್ದೇನೆ. ಇಂತಿಷ್ಟು ಕೆಜಿ ಎಂದು ಪ್ರಕಟಣೆಯಲ್ಲಿ ಬಂದದ್ದನ್ನು ಹಾಗೆಯೇ ಇಳಿಸಿದ್ದೇನೆ. ಯಾವುದರಲ್ಲಿ ಎಷ್ಟು ಮಣ್ಣು ಇತ್ತೋ ಒಮ್ಮೆಯೂ ಕೇಳಿಲ್ಲ. ಕಬ್ಬಿನ ತೂಕದಲ್ಲಿ ಮೋಸವಾದರೆ ಅರ್ಧ ಪುಟ ಬರೆಯುವ ನಾವು, ಮನುಷ್ಯನನ್ನು ಒಳಗೆ ಹಾಕುವ ತೂಕವನ್ನು ಪ್ರಶ್ನಿಸುವ ಅಭ್ಯಾಸವನ್ನೇ ಇಟ್ಟುಕೊಂಡಿಲ್ಲ.

ಫೋಟೊಗಳನ್ನು ವಕೀಲರಿಗೆ ಕೊಡುವ ಮೊದಲು ಮೈಸೂರಿನಲ್ಲಿದ್ದ ನಮ್ಮ ಬ್ಯೂರೊ ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ನಾವು ವರದಿ ಮಾಡೋರು, ಸಾಕ್ಷಿ ಹೇಳೋರಲ್ಲ. ಹೊಸಬರಿಗೆ ನೀವೇ ಹೇಳಿಕೊಡ್ತಿದ್ದ ಪಾಠ ಅಲ್ವಾ ಇದು?" ಎಂದರು. ಹೇಳಿಕೊಡುತ್ತಿದ್ದದ್ದು ನಿಜ. "ಆಮೇಲೆ ಪೊಲೀಸರು ಒಂದು ಸುದ್ದೀನೂ ಕೊಡಲ್ಲ ನಿಮಗೆ. ಸ್ವಲ್ಪ ದಿನ ಅದನ್ನ ಬಿಡಿ. ಭಾನುವಾರದ ಪುರವಣಿಗೆ ವಾರಾಂತ್ಯದ ತಾಣಗಳು ಅಂತ ಒಂದು ಲೇಖನ ಬೇಕು, ಬ್ಲಫ್ ಜಲಪಾತದ ಕಡೆ ಹೋಗಿಬನ್ನಿ."

ಹೋದೆ. ಕರೆಂಟು ಉತ್ಪಾದನೆಯ ನೌಕರರ ಹಳೆಯ ವಸತಿ ದಾಟಿ, ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಹೊಸ ರೆಸಾರ್ಟ್ ಒಂದಿತ್ತು. ಮಧ್ಯಾಹ್ನದ ಬಿಸಿಲು. ಬೆಂಗಳೂರಿನ ಕಾರುಗಳು ರಸ್ತೆಯವರೆಗೆ ನಿಂತಿದ್ದವು. ಅವನ್ನು ಸಾಲಾಗಿ ನಿಲ್ಲಿಸಲು ಒಬ್ಬ ಗೃಹರಕ್ಷಕ ಸೀಟಿ ಊದುತ್ತಿದ್ದ.

ಮ್ಯಾನೇಜರ್ ನಗುತ್ತ ಎಲ್ಲವನ್ನೂ ತೋರಿಸಿದ. ಗಾಜಿನ ಹಾಲಿನಲ್ಲಿ ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಬಣ್ಣಬಣ್ಣದ ಬಿಲ್ಲೆಗಳು, ಬೋ ಟೈ ಕಟ್ಟಿಕೊಂಡು ಇಸ್ಪೀಟ್ ಎಲೆ ಹಂಚುವ ಹುಡುಗಿಯರು. ಬಾಗಿಲಲ್ಲಿ ಕ್ಯಾಸಿನೊ ವಾರಾಂತ್ಯ ಎಂಬ ಫಲಕ.

"ಇದಕ್ಕೆ ಅನುಮತಿ?" ಎಂದೆ.

"ಇಲ್ಲಿ ದುಡ್ಡೇ ಇಲ್ಲ ಸರ್. ಬರೀ ಪಾಯಿಂಟ್ಸ್. ಸ್ಕಿಲ್ ಗೇಮ್."

"ಪಾಯಿಂಟ್ಸ್ ಆಮೇಲೆ ಏನಾಗ್ತವೆ?"

"ಅದು ಗೆಸ್ಟ್‌ಗಳು ಅವರವರಲ್ಲಿ ಮಾಡ್ಕೊಳ್ಳೋದು. ನಮಗೆ ಸಂಬಂಧ ಇಲ್ಲ."

ಹಾಲಿನ ಹಿಂದೆ ಹುಲ್ಲುಹಾಸಿನ ಮೇಲೆ ಆರೇಳು ಮಂದಿ ದಿಂಬಿಗೆ ಒರಗಿ ಕೂತಿದ್ದರು. ಅವರ ನಡುವೆ ಒಂದೇ ಸಿಗರೇಟು ಕೈಯಿಂದ ಕೈಗೆ ಹೋಗುತ್ತಿತ್ತು. ವಾಸನೆ ನನಗೆ ಹೊಸದಲ್ಲ, ಠಾಣೆಗಳ ಅಂಗಳದಲ್ಲಿ ಎಷ್ಟೋ ಸಲ ಮೂಗಿಗೆ ಬಡಿದದ್ದೇ. ನಾನು ಆ ಕಡೆ ನೋಡಿದ್ದನ್ನು ಗಮನಿಸಿ ಮ್ಯಾನೇಜರ್ "ಹರ್ಬಲ್ ಸರ್" ಎಂದ. ಅಲ್ಲಿಂದಲೇ ಸಬ್ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದೆ. ಐದು ಗಿಡದ ಸುದ್ದಿಗೆ ನನ್ನನ್ನು ಕರೆದವರೇ.

"ಲಿಖಿತ ದೂರು ಕೊಡಿ ಸಾರ್, ನೋಡೋಣ" ಎಂದರು. ಸ್ವಲ್ಪ ತಡೆದು, "ಟೂರಿಸಂ ಅಲ್ವಾ ಸಾರ್. ನೀವೂ ಯಾಕೆ" ಎಂದು ನಕ್ಕರು.

ಗದ್ದೆಯ ಮೂಲೆಯ ಐದು ಗಿಡಕ್ಕೆ ಯಾರು ಲಿಖಿತ ದೂರು ಕೊಟ್ಟಿದ್ದರು? ಬೆಳೆದವನೇ ಬಾಯಿಬಿಟ್ಟು ಹೇಳಿದ್ದ, ಬರೆದುಕೊಳ್ಳಿ ಎಂದಿದ್ದ. ನಿಯಂತ್ರಣ ಎಂಬುದನ್ನು ನಿಜವಾಗಿ ನಂಬಿ ತಾನಾಗಿ ಅದರೊಳಗೆ ಬರಲು ನೋಡಿದವನು ಈ ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ. ಅವನು ಒಳಗಿದ್ದ. ಇಲ್ಲಿ ಗುರುತಿನ ಚೀಟಿಯಿಲ್ಲ, ಲೈಸೆನ್ಸಿಲ್ಲ, ಕಾವಲಿಗೆ ಸೀಟಿ ಊದುವವನಿದ್ದ. ಮುಂದೆ ಕ್ಯಾಸಿನೊಗೆ ಕಾಯಿದೆ ಬರಲಿ, ಬಿಡಲಿ, ಯಾರಿಗೆ ಜೀಪು, ಯಾರಿಗೆ ಸೀಟಿ ಎಂಬುದು ಈಗಲೇ ನಿಗದಿಯಾಗಿಬಿಟ್ಟಿದೆ ಎಂದು ನನಗೆ ಆ ಹುಲ್ಲುಹಾಸಿನ ಅಂಚಿನಲ್ಲಿ ಸ್ಪಷ್ಟವಾಯಿತು. ರೆಸಾರ್ಟಿನ ಬಗ್ಗೆ ನೋಡಿದ್ದನ್ನು ನೋಡಿದಂತೆ ಬರೆದು ಕಳಿಸಿದೆ. ಪುರವಣಿಯಲ್ಲಿ ಜಲಪಾತದ ವರ್ಣನೆ ಮಾತ್ರ ಅಚ್ಚಾಯಿತು.

ಮರುದಿನ ಮಂಡ್ಯದಲ್ಲಿ ವಕೀಲರನ್ನು ಕಂಡೆ. ಮೊಬೈಲ್ ನನ್ನದು, ಫೋಟೊ ತೆಗೆದದ್ದು ನಾನು, ಯಾವ ಬದಲಾವಣೆಯನ್ನೂ ಮಾಡಿಲ್ಲ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೊಟ್ಟೆ. ಪತ್ರಿಕೆಯ ಹೆಸರು ಎಲ್ಲೂ ಬಳಸಲಿಲ್ಲ. ಬ್ಯೂರೊ ಮುಖ್ಯಸ್ಥರಿಗೆ ಒಂದು ಸಾಲಿನ ಸಂದೇಶ ಕಳಿಸಿದೆ. ಉತ್ತರ ಬರಲಿಲ್ಲ. ಠಾಣೆಗಳ ಸುದ್ದಿ ಹಂಚುವ ವಾಟ್ಸ್‌ಆ್ಯಪ್ ಗುಂಪಿನಿಂದ ಆ ವಾರವೇ ನನ್ನನ್ನು ತೆಗೆದುಹಾಕಿದರು.

ಜಾಮೀನಿನ ವಿಚಾರಣೆಯ ದಿನ ಮಗಳು ರಜೆ ಹಾಕಿ ಬಂದಿದ್ದಳು. ಸರ್ಕಾರಿ ವಕೀಲರು, ತೂಕ ಇಪ್ಪತ್ತು ಕೆಜಿ ಮೀರಿದೆ, ಜಾಮೀನು ಕೊಡಲಾಗದು, ಪತ್ರಕರ್ತನ ಮೊಬೈಲ್ ಚಿತ್ರವನ್ನು ನಂಬಲಾಗದು ಎಂದರು. ನ್ಯಾಯಾಧೀಶೆ ಮುದ್ರಿಸಿದ ಫೋಟೊಗಳನ್ನು ಒಂದೊಂದಾಗಿ ತಿರುವಿದರು. ತನಿಖಾಧಿಕಾರಿಯನ್ನು ಕರೆದರು.

"ಇದೇನು ಗೋಣಿ?"

"ಆರೋಪಿಯೇ ಕಟ್ಟಿದ್ದು ಮೇಡಂ."

"ಅದನ್ನೂ ತೂಗಿದಿರಾ?"

"ಒಟ್ಟಾಗಿ ತೂಗಲಾಗಿದೆ ಮೇಡಂ."

"ಮಣ್ಣು?"

ಅಧಿಕಾರಿ ಫೈಲಿನ ಹಾಳೆ ತಿರುವಿದರು. ವಶಪಡಿಸಿಕೊಂಡದ್ದರಲ್ಲಿ ಗಾಂಜಾ ಎಷ್ಟು ಎಂಬುದು ಸ್ಪಷ್ಟವಿಲ್ಲ, ಅದು ಪೂರ್ಣ ವಿಚಾರಣೆಯಲ್ಲಿ ತೀರ್ಮಾನವಾಗಬೇಕು ಎಂದು ಹೇಳಿ ನ್ಯಾಯಾಧೀಶೆ ಜಾಮೀನು ಕೊಟ್ಟರು. ಪ್ರತಿ ಭಾನುವಾರ ಬೆಳಿಗ್ಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಒಂದು ವಾರ ತಪ್ಪಿದರೂ ಜಾಮೀನು ರದ್ದಾಗಬಹುದು.

ಜೈಲಿನಿಂದ ಹೊರಬಂದ ಮನುಷ್ಯ ಬಹಳ ಇಳಿದುಹೋಗಿದ್ದರು. ಅಂಗಿಯ ಕತ್ತುಪಟ್ಟಿ ಸಡಿಲವಾಗಿತ್ತು. ಒಳಗಿದ್ದ ಅವಧಿಯಲ್ಲೇ ಗದ್ದಿಗೆಗೆ ಸೊಪ್ಪು ಒಪ್ಪಿಸುವ ದಿನ ಬಂದು ಹೋಗಿತ್ತು. ಮಗಳು ನನ್ನನ್ನು ತೋರಿಸಿ "ಫೋಟೊ ಕೊಟ್ಟೋರು ಇವ್ರೇಯ" ಎಂದಳು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಗುರ್ತದೆ. ಅವತ್ತು ನಗ್ತಿದ್ರು" ಎಂದರು.

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಲು ಎರಡು ಸಲ ಪ್ರಯತ್ನಪಟ್ಟೆ. ಪೊಲೀಸರು ತಮ್ಮ ದಾಖಲೆ ತಿದ್ದಲಿ, ಆಮೇಲೆ ನಾವು ತಿದ್ದೋಣ ಎಂದರು ಡೆಸ್ಕಿನವರು. ಜಾಮೀನಿನ ಸುದ್ದಿ ನಾಲ್ಕು ಸಾಲಿನಲ್ಲಿ ಬಂತು: ಗಾಂಜಾ ಬೆಳೆಗಾರನಿಗೆ ಜಾಮೀನು.

ಮೊದಲ ಭಾನುವಾರ ಅಪ್ಪ, ಮಗಳ ಜೊತೆ ನಾನೂ ಠಾಣೆಗೆ ಹೋದೆ. ಪೇದೆ ದಪ್ಪ ಪುಸ್ತಕ ತೆರೆದು, ಮೊದಲೇ ಬರೆದಿಟ್ಟಿದ್ದ ಸಾಲಿನ ಕೊನೆಯಲ್ಲಿ ಬೆರಳಿಟ್ಟು ಸಹಿ ಹಾಕಲು ಹೇಳಿದ. ಇವರಿಗೆ ತಮ್ಮ ಹೆಸರು ಬರೆಯಲು ಬರುತ್ತದೆ, ಓದಲು ಬರುವುದಿಲ್ಲ.

"ಏನ್ ಬರ್ದವ್ರೆ ಓದವ್ವ" ಎಂದರು ಮಗಳಿಗೆ.

ಅವಳು ಓದಿದಳು. ಅಪರಾಧ ಸಂಖ್ಯೆ, ಹೆಸರು, ಊರು, ಇಪ್ಪತ್ತೆರಡು ಕೆಜಿ ಗಾಂಜಾ ಬೆಳೆದ ಆರೋಪಿ.

ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. "ಮಣ್ಣು ಕಳೀರಿ. ಆಮೇಕೆ ಆಕ್ತೀನಿ."

"ಏಯ್, ಹಾಕಯ್ಯಾ ಸಾಕು. ಹಾಕ್ದಿದ್ರೆ ಗೈರು ಅಂತ ಬರೀತೀನಿ. ನಾಳೆ ಮತ್ತೆ ಒಳಗೆ ಹೋಗ್ತೀಯ."

"ಬರ್ಕೊ ಓಗು. ಎದ್ರುಗೇ ನಿಂತವ್ನೆ, ಆದ್ರೂ ಇಲ್ಲ ಅಂತ ಬರ್ಕೊ."

ಮಗಳು ಅವರ ತೋಳು ಹಿಡಿದಳು. "ಅಪ್ಪಾ, ನಿಂಗೆ ಕೈ ಮುಗೀತೀನಿ, ಆಕ್ಬುಡು. ನಂಗ್ ಇನ್ನೊಂದ್ ಸಲ ಕೋರ್ಟ್ ಸುತ್ತೋ ಸಕ್ತಿ ಇಲ್ಲ."

"ಗೋಣೀನೂ ತೂಗುದ್ರಾ ಅಂತ ಆ ಅಮ್ಮೋರು ಕೇಳ್ನಿಲ್ವಾ? ಇವ್ರ ಕಿವೀಗೆ ಬೀಳ್ನಿಲ್ವಾ? ಇವತ್ತು ನಾನು ಸೈನ್ ಆಕುದ್ರೆ ಇಪ್ಪತ್ತೆಲ್ಡೂ ನಂದೇ ಅಂತ ಒಪ್ಕಂಡಂಗೆ ಕನವ್ವ." ಅವರು ಹೋಗಿ ಗೋಡೆ ಬದಿಯ ಬೆಂಚಿನ ಮೇಲೆ ಕೂತರು.

ಒಂಬತ್ತೂವರೆಯಿಂದ ಹನ್ನೊಂದೂವರೆವರೆಗೆ ಹಾಗೇ ಕೂತಿದ್ದರು. ಮಾತ್ರೆ ತೆಗೆದುಕೊಳ್ಳುವ ಹೊತ್ತು ಮೀರಿತ್ತು. ಮಗಳು ಎರಡು ಸಲ ನೀರು ಕೊಡಲು ಹೋದಳು, ಅವರು ಮುಟ್ಟಲಿಲ್ಲ. ನಾನು ಕೊನೆಗೆ ಜಾಮೀನು ಆದೇಶದ ಪ್ರತಿಯನ್ನು ಪೇದೆಯ ಮುಂದಿಟ್ಟೆ. ಅದರಲ್ಲಿ ಐದು ಗಿಡ ಎಂದಿತ್ತು. ಕೆಜಿಯ ಬಗ್ಗೆ ತೀರ್ಮಾನವಾಗಿಲ್ಲ ಎಂದಿತ್ತು. ಕೋರ್ಟು ಬರೆದದ್ದಕ್ಕಿಂತ ಹೆಚ್ಚು ನೀವು ಹೇಗೆ ಬರೆದಿರಿ ಎಂದು ಕೇಳಿದೆ. ನನ್ನ ವೃತ್ತಿಯಲ್ಲಿ ಠಾಣೆಯೊಳಗೆ ದನಿ ಎತ್ತಿದ್ದು ಅದೇ ಮೊದಲು. ಪೇದೆ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದ. ಹೊರಗೆ ಬಂದು ಆ ಪದಗಳ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಐದು ಗಿಡ ಎಂದು ಬರೆದ. ಮಗಳು ಓದಿ ಹೇಳಿದಳು. ಅವರು ಎದ್ದು ಬಂದು ಅಕ್ಷರ ಅಕ್ಷರವಾಗಿ ಹೆಸರು ಬರೆದರು.

ಮುಂದಿನ ಭಾನುವಾರ ಬೇರೊಬ್ಬ ಪೇದೆ ಇದ್ದ. ಗೀಟು ಎಳೆದದ್ದನ್ನು ಅವನು ನೋಡಿರಲಿಲ್ಲ. ಎಫ್‌ಐಆರ್ ನೋಡಿ ನಕಲು ಮಾಡಿ ಇಪ್ಪತ್ತೆರಡು ಕೆಜಿ ಎಂದೇ ಬರೆದಿಟ್ಟಿದ್ದ. ಮಗಳು ಓದುವುದಕ್ಕೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಅವರು ಪೆನ್ನನ್ನು ಪುಸ್ತಕದ ಮೇಲಿಟ್ಟು, ಹೋಗಿ ಬೆಂಚಿನ ಮೇಲೆ ಕೂತರು.